ಅಳತೆ ಟೇಪು: ಚೌಕ ಜೋಡಿಸುವ ಮುನ್ನ

ಈ ತಿಂಗಳ ಕಾಗದಗಳಲ್ಲಿ ಮುಕ್ಕಾಲು ಪಾಲು ‘ಮಾಡ್ಯುಲರ್’ ಬಗ್ಗೆಯೇ ಇವೆ. ಡಬ್ಬ, ಬ್ಲಾಕು, ಟ್ರಾಲಿ, ಚೌಕ. ಒಂದೇ ಅಳತೆಯದನ್ನು ಮತ್ತೆ ಮತ್ತೆ ಜೋಡಿಸಿ ಜಾಗ ಹೊಂದಿಸುವ ಕೆಲಸ ಮನೆಯಲ್ಲೂ ಅದೇ, ಪುಸ್ತಕದ ಪುಟದಲ್ಲೂ ಅದೇ. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಪರದೆ ಬಣ್ಣ, ಗಿಡದ ಕುಂಡ ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ತಿಂಗಳು ನಿಮ್ಮ ಸರದಿ.

ಪ್ರಶ್ನೆ: ಮುಲುಂಡಿನಲ್ಲಿ ಹಳೇ ಕಟ್ಟಡ, ಒಂದು ರೂಮು ಮತ್ತು ಕಿಚನ್. ರೂಮು 10 ಅಡಿಗೆ 12 ಅಡಿ. ನಾನು, ನಮ್ಮವರು, ಅತ್ತೆ, ಏಳನೇ ಕ್ಲಾಸಿನ ಮಗಳು. ಮಗಳಿಗೆ ಓದಲು ಒಂದು ಮೂಲೆ ಆಗಬೇಕು. ಅಂಗಡಿಯವನು ಒಂದು ಗೋಡೆ ಪೂರ್ತಿ ಮಾಡ್ಯುಲರ್ ಯೂನಿಟ್ ಮಾಡಿಸಿ ಅಂತಾನೆ. ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿನ ಮಾತೂ ಇದೆ. ಏನು ಮಾಡಲಿ ಅಕ್ಕಾ?

ಉತ್ತರ: ರೀಡೆವಲಪ್‌ಮೆಂಟ್ ಮಾತಿದೆ ಅಂದಿರಿ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಮೊಳೆ ಹೊಡೆದು, ಅಂಟು ಹಾಕಿ ಗೋಡೆಗೆ ಕೂರಿಸಿದ ಕಪಾಟು ಬಾಡಿಗೆ ಮನೆಗೆ ನಿಮ್ಮ ಜೊತೆ ಬರುವುದಿಲ್ಲ. ಟೆಂಪೊ ಕೆಳಗೆ ನಿಂತಿರುವಾಗ ಅದನ್ನು ಒಡೆದು ಬಿಟ್ಟು ಹೋಗಬೇಕಾಗುತ್ತದೆ. ಬಿಲ್ಲಿನಲ್ಲಿ ಮಾಡ್ಯುಲರ್ ಅಂತ ಬರೆದಿದ್ದರೂ ನನ್ನ ಲೆಕ್ಕಕ್ಕೆ ಅದು ಗೋಡೆಯ ಒಂದು ಭಾಗ ಅಷ್ಟೇ. ಅಂಗಡಿಯವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ: ಇದರಲ್ಲಿ ಒಂದು ಡಬ್ಬ ತೆಗೆಯಬೇಕಾದರೆ ಇನ್ನೆಷ್ಟು ಡಬ್ಬ ಬಿಚ್ಚಬೇಕು? ನೀವೂ ಕೇಳಿ ನೋಡಿ. ಬಹಳ ಜನ ಮುಖ ಮುಖ ನೋಡಿಕೊಳ್ಳುತ್ತಾರೆ.

ದುಡ್ಡು ಕೊಡುವ ಮುಂಚೆ ಮಗಳ ಚೌಕಳಿ ನೋಟ್‌ಬುಕ್ಕಿನ ಒಂದು ಹಾಳೆ ತೆಗೆದುಕೊಳ್ಳಿ. ಒಂದು ಚೌಕ ಅಂದರೆ ಒಂದು ಅಡಿ. ನಿಮ್ಮ ರೂಮಿಗೆ 120 ಚೌಕ. ಮೊದಲು ಸಾಮಾನು ಬರೆಯಬೇಡಿ. ಖಾಲಿ ಇರಲೇಬೇಕಾದ ಚೌಕಗಳಿಗೆ ಬಣ್ಣ ಹಚ್ಚಿ. ಬಾಗಿಲು ತೆರೆದುಕೊಳ್ಳಲು 9 ಚೌಕ. ಬಾಗಿಲಿನಿಂದ ಕಿಚನ್‌ವರೆಗೆ ಎರಡೂವರೆ ಅಡಿ ಅಗಲದ ದಾರಿ, ಉದ್ದಕ್ಕೂ ಹೋದರೆ 30 ಚೌಕ. ಅತ್ತೆಯವರ ದಿವಾನ 3 ಅಡಿಗೆ 6 ಅಡಿ, 18 ಚೌಕ. ಸ್ಟೀಲ್ ಕಪಾಟಿಗೆ 6. ಒಟ್ಟು 63 ಹೋಯಿತು, 57 ಉಳಿಯಿತು. ರಾತ್ರಿ ನೆಲದ ಮೇಲೆ ಹಾಸಿಗೆ ಹಾಸುವುದಾದರೆ ಇಬ್ಬರಿಗೆ ಸುಮಾರು 30 ಚೌಕ ಬೇಕು. ಅದು ಹಗಲಿನ ದಾರಿಯ ಮೇಲೇ ಬಿದ್ದರೂ ಅಡ್ಡಿಯಿಲ್ಲ. ನಮ್ಮ ಸಣ್ಣ ಮನೆಗಳು ಬದುಕಿರುವುದೇ ಹೀಗೆ, ಒಂದು ಚೌಕಕ್ಕೆ ಎರಡು ಕೆಲಸ. ಒಂದು ಗೋಡೆ ಪೂರ್ತಿ ಎರಡು ಅಡಿ ಆಳದ ಯೂನಿಟ್ ಬಂತು ಅಂದರೆ 24 ಚೌಕ ಒಂದೇ ಏಟಿಗೆ ಹೋಗುತ್ತದೆ. ಅದನ್ನು ಅಂಗಡಿಯವನು ಹೇಳುವುದಿಲ್ಲ.

ನಾನಾಗಿದ್ದರೆ ಬಿಡಿ ಡಬ್ಬ ಮಾಡಿಸುತ್ತಿದ್ದೆ. ಪ್ಲೈವುಡ್ ಶೀಟು 8 ಅಡಿಗೆ 4 ಅಡಿ ಬರುತ್ತದೆ. ಅಂದರೆ 96 ಇಂಚು, 48 ಇಂಚು. ಎರಡನ್ನೂ 16ರಿಂದ ಭಾಗಿಸಿ ನೋಡಿ, ಆರು ಮತ್ತು ಮೂರು. ಒಂದು ಶೀಟಿಗೆ 18 ತುಂಡು, ಚೂರೂ ದಂಡವಾಗುವುದಿಲ್ಲ. ಗರಗಸ ತಿನ್ನುವುದರಿಂದ ತುಂಡು ಹದಿನೈದೂ ಮುಕ್ಕಾಲು ಇಂಚು ಸಿಗಬಹುದು, ಪರವಾಗಿಲ್ಲ. ನಾಲ್ಕು ತುಂಡಿಗೆ ಒಂದು ಡಬ್ಬ. ಮೇಲೆ ಕೆಳಗೆ ಪೂರ್ತಿ ತುಂಡು. ಪಕ್ಕದ ಎರಡನ್ನು ಪ್ಲೈ ದಪ್ಪದ ಎರಡರಷ್ಟು, ಒಂದೂವರೆ ಇಂಚಿನ ಹತ್ತಿರ, ಮೋಟು ಮಾಡಿಸಿ. ಬೆನ್ನಿಗೆ ತೆಳು ಪ್ಲೈ. ಒಂದು ಶೀಟಿಗೆ ನಾಲ್ಕು ಡಬ್ಬ ಆಗಿ ಎರಡು ತುಂಡು ಉಳಿಯುತ್ತದೆ. 18 ಮಿ.ಮೀ. ಪ್ಲೈ ಆದರೆ ಡಬ್ಬ ಎಂಟು ಕೆ.ಜಿ. ಆಸುಪಾಸು ತೂಗುತ್ತದೆ, ನೀವೊಬ್ಬರೇ ಎತ್ತಬಹುದು.

ಹದಿನಾರು ಇಂಚು ಯಾಕೆ ನನಗೆ ಇಷ್ಟ ಅಂದರೆ, ಒಂದು ಡಬ್ಬ ಕೂರಲು ಸರಿಯಾದ ಎತ್ತರ. ಎರಡು ಪೇರಿಸಿದರೆ ನಿಂತುಕೊಂಡು ಇಸ್ತ್ರಿ ಮಾಡಬಹುದು. ನಾಲ್ಕು ಪೇರಿಸಿದರೆ ಐದು ಅಡಿ ದಾಟಿ ಸಣ್ಣ ಅಡ್ಡಗೋಡೆ ಆಗುತ್ತದೆ, ಮಗಳ ಮೂಲೆಗೆ ಮರೆಯೂ ಆಯಿತು. ಮೂರರ ಮೇಲೆ ಪೇರಿಸಿದರೆ ಗೋಡೆಗೆ ಒಂದು ಎಲ್ ಕ್ಲಾಂಪ್ ಹಾಕಿಸಲೇಬೇಕು. ಡಬ್ಬಗಳ ನಡುವೆ ಅಂಟು ಬೇಡ, ನಟ್ಟು ಬೋಲ್ಟು ಹಾಕಿಸಿ. ಓದುವ ಮೇಜಿಗೆ ಮಾತ್ರ ಡಬ್ಬದ ಮೇಲೆ ಡಬ್ಬ ಇಡಬೇಡಿ. 32 ಇಂಚಾಗುತ್ತದೆ, ಮಗು ಭುಜ ಎತ್ತಿಕೊಂಡು ಬರೆಯಬೇಕಾಗುತ್ತದೆ. ಮೇಜಿಗೆ 28 ಇಂಚು ಎತ್ತರದಲ್ಲಿ ಗೋಡೆಗೆ ಮಡಚುವ ಹಲಗೆ ಸಾಕು. ಯಾವ ಅಳತೆಯೂ ಎಲ್ಲದಕ್ಕೂ ಹೊಂದುವುದಿಲ್ಲ, ಹೊಂದದ ಕಡೆ ಬಿಟ್ಟುಬಿಡಬೇಕು.

ಪ್ಲೈ ಮೇಲೆ ಐಎಸ್ 710 ಮುದ್ರೆ, ಅಂದರೆ ನೀರು ತಡೆಯುವ ಮರೈನ್ ಪ್ಲೈನ ಗುರುತು, ನೋಡಿ ತಗೊಳ್ಳಿ. ಪಾರ್ಟಿಕಲ್ ಬೋರ್ಡ್ ಅಗ್ಗ, ಆದರೆ ಮುಂಬಯಿ ಮಳೆಗೆ ಉಬ್ಬುತ್ತದೆ. ಹೊರಗೋಡೆಗೆ ಒತ್ತಿ ಇಡಬೇಡಿ. ಎರಡು ಇಂಚು ಬಿಟ್ಟರೆ ಗಾಳಿಯಾಡುತ್ತದೆ, ಜುಲೈಯಲ್ಲಿ ಸೀರೆಗೆ ಬೂಷ್ಟು ಹಿಡಿಯುವುದಿಲ್ಲ.

ಪ್ರಶ್ನೆ: ಪುಣೆಯ ವಾಕಡ್‌ನಲ್ಲಿ ಹೊಸ ಫ್ಲ್ಯಾಟ್. ಕಿಚನ್ ಗೋಡೆ 8 ಅಡಿ 2 ಇಂಚು. ಮೂರು ಕಡೆ ಕೊಟೇಶನ್ ತಗೊಂಡೆ. ಎಲ್ಲರೂ ಕಟ್ಟೆ ಕೆಳಗೆ 600 ಎಂಎಂ ಅಗಲದ ಎಳೆಯುವ ಟ್ರಾಲಿ ಅಂತಾರೆ, ಆಮೇಲೆ ಕೊನೆಯಲ್ಲಿ ಒಂದು ಪಟ್ಟಿ ಹಾಕಿ ಮುಚ್ಚುತ್ತೇವೆ ಅಂತಾರೆ. ಜಾಗ ದಂಡ ಅಲ್ವಾ? ಗೋಡೆಗೆ ಸರಿಯಾಗಿ ಮಾಡಿಸಿದರೆ ಆಗದೇ?

ಉತ್ತರ: ನಿಮ್ಮ ಗೋಡೆ 2489 ಮಿ.ಮೀ. ಆರುನೂರರ ನಾಲ್ಕು ಹಾಕಿದರೆ 2400, ಉಳಿದದ್ದು 89. ಈ 89ಕ್ಕಾಗಿ ನಾಲ್ಕು ಟ್ರಾಲಿಯನ್ನೂ 622ರ ಅಳತೆಗೆ ಮಾಡಿಸಿದಿರಿ ಅಂತಿಟ್ಟುಕೊಳ್ಳಿ. ಐದು ವರ್ಷದ ಮೇಲೆ ಒಂದು ಬುಟ್ಟಿ ತುಕ್ಕು ಹಿಡಿದರೆ ಅಂಗಡಿಯಲ್ಲಿ ಆ ಅಳತೆಯದು ಸಿಗುವುದಿಲ್ಲ. ಡಿಶ್‌ವಾಶರ್ ತರೋಣ ಅನಿಸಿದರೆ ಅದೂ 600ರ ಜಾಗಕ್ಕೆ ಬರುವ ಸಾಮಾನು. ಪಟ್ಟಿ ಇರಲಿ. ಆದರೆ ಪೂರ್ತಿ ಒಂದೇ ಕಡೆ ಬೇಡ, ಎರಡೂ ತುದಿಗೆ ಹಂಚಿ ಹಾಕಿಸಿ. ಗೋಡೆಗೆ ಅಂಟಿಕೊಂಡ ಡ್ರಾಯರ್ ಬಾಗಿಲ ಚೌಕಟ್ಟಿಗೆ ಬಡಿದು ಅರ್ಧಕ್ಕೆ ನಿಲ್ಲುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಆ 40 ಮಿ.ಮೀ. ಅಲ್ಲಿ ಕೆಲಸಕ್ಕೆ ಬರುತ್ತದೆ.

ಈ ಥರ ಅಳೆದು ಕಟ್ಟಿದ ಅಡುಗೆಮನೆಗಳಲ್ಲಿ ಹೆಸರಾದದ್ದು ಜರ್ಮನಿಯ ಫ್ರಾಂಕ್‌ಫರ್ಟಿನದು. 1926ರಲ್ಲಿ ಮಾರ್ಗರೆಟ್ ಶುಟ್ಟೆ-ಲಿಹೋಟ್ಸ್ಕಿ ಎಂಬ ಆರ್ಕಿಟೆಕ್ಟ್ ಹೆಣ್ಣುಮಗಳು ರೂಪಿಸಿದ್ದು. ಬರೀ 1.9 ಮೀಟರಿಗೆ 3.4 ಮೀಟರ್, ನಮ್ಮ ಮುಂಬಯಿಯ ಸಣ್ಣ ಕಿಚನ್‌ನಷ್ಟೇ. ಅಡುಗೆ ಮಾಡುವವರು ಎಷ್ಟು ಹೆಜ್ಜೆ ಹಾಕುತ್ತಾರೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೆಕ್ಕ ಹಾಕಿ ಒಂದೊಂದೂ ಎಲ್ಲಿರಬೇಕೆಂದು ನಿಶ್ಚಯಿಸಿದರು. ಅಕ್ಕಿ, ಸಕ್ಕರೆಗೆ ಹೆಸರು ಬರೆದ ಅಲ್ಯುಮಿನಿಯಂ ಡ್ರಾಯರುಗಳು, ಎಳೆದು ಹಾಗೇ ಪಾತ್ರೆಗೆ ಸುರಿಯುವಂಥವು. ಇಂಥದ್ದು ಸುಮಾರು ಹತ್ತು ಸಾವಿರ ಅಡುಗೆಮನೆ ಕಟ್ಟಿದರು. ಗಮನಿಸಿ, ಆಕೆ ಶುರು ಮಾಡಿದ್ದು ಕೆಲಸದಿಂದ. ನಿಮ್ಮ ಕೊಟೇಶನ್‌ಗಳು ಶುರುವಾಗುವುದು ಲ್ಯಾಮಿನೇಟಿನ ಬಣ್ಣದಿಂದ.

ಆದ್ದರಿಂದ ಸಹಿ ಹಾಕುವ ಮುಂಚೆ ಮನೆಯ ಪಾತ್ರೆ ಅಳೆಯಿರಿ. ಇಡ್ಲಿ ಪಾತ್ರೆ, ದೊಡ್ಡ ಕುಕ್ಕರ್, ಗ್ರೈಂಡರ್, ದೋಸೆ ಕಾವಲಿ. ಟ್ರಾಲಿಯೊಳಗಿನ ಎತ್ತರ ಇವುಗಳಿಗೆ ಸಾಲಬೇಕು, ಪ್ಲೇಟು ನಿಲ್ಲಿಸುವ ಬುಟ್ಟಿ ಎರಡೆರಡು ಬೇಕಾಗಿಲ್ಲ. ಕಟ್ಟೆಯ ಎತ್ತರ ಅಡುಗೆ ಮಾಡುವವರ ಮೊಣಕೈಗಿಂತ ನಾಲ್ಕು ಬೆರಳು ಕೆಳಗಿರಲಿ. ಅಡುಗೆ ಮಾಡುವುದು ನೀವೋ ನಿಮ್ಮ ಮನೆಯವರೋ ಬರೆದಿಲ್ಲ. ಇಬ್ಬರೂ ಮಾಡುವುದಾದರೆ ಕುಳ್ಳಗಿರುವವರ ಅಳತೆ ಹಿಡಿಯಿರಿ.

ಪ್ರಶ್ನೆ: ನಾನು ನೆರೂಲ್‌ನವನು, ಆರ್ಕಿಟೆಕ್ಚರ್ ಎರಡನೇ ವರ್ಷ. ಒಂದೇ ಬ್ಲಾಕಿನಿಂದ ವಸತಿ ರಚಿಸಿ ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಎಷ್ಟು ಜೋಡಿಸಿದರೂ ಬರೀ ಡಬ್ಬದ ರಾಶಿ ಕಾಣುತ್ತೆ. ಒಂದೇ ಬ್ಲಾಕು ಅಂದಮೇಲೆ ಬೋರ್ ಹೊಡೆಯೋದು ಸಹಜ ತಾನೇ ಮೇಡಂ?

ಉತ್ತರ: ನೆರೂಲಿನಲ್ಲಿ ಕೂತು ಈ ಪ್ರಶ್ನೆ ಕೇಳುತ್ತಿದ್ದೀಯಲ್ಲ ಮಾರಾಯ! ಎರಡು ಸ್ಟೇಷನ್ ಆಚೆ ಬೇಲಾಪುರದಲ್ಲಿ ಇಳಿದು ಆರ್ಟಿಸ್ಟ್ಸ್ ವಿಲೇಜ್‌ಗೆ ಹೋಗು. ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ 1983ರಿಂದ 86ರ ಹೊತ್ತಿಗೆ ಮಾಡಿದ ಬಡಾವಣೆ. ಏಳು ಮನೆಗಳ ನಡುವೆ ಸುಮಾರು 8 ಮೀಟರ್ ಚೌಕದ ಅಂಗಳ. ಅಂಥ ಮೂರು ಗುಂಪು ಸೇರಿದರೆ 21 ಮನೆ, ಅವುಗಳ ನಡುವೆ 12 ಮೀಟರ್ ಚೌಕದ ಇನ್ನೊಂದು ಅಂಗಳ. ಆ ಗುಂಪುಗಳು ಮೂರು ಸೇರಿದರೆ ಇನ್ನೂ ದೊಡ್ಡದು. ಹೀಗೆ ಬೆಳೆಯುತ್ತ ಹೋಗುತ್ತದೆ. ನಿವೇಶನಗಳು 45ರಿಂದ 75 ಚದರ ಮೀಟರ್, ಬಡವರಿಗೂ ಇದ್ದವರಿಗೂ ಹೆಚ್ಚು ಅಂತರವಿಲ್ಲ. ಪಕ್ಕದ ಮನೆಯ ಜೊತೆ ಹಂಚಿಕೊಂಡ ಗೋಡೆಯಿಲ್ಲ. ದುಡ್ಡು ಬಂದಾಗ ಒಂದು ಕೋಣೆ ಏರಿಸಿದರೆ ನೆರೆಯವರನ್ನು ಕೇಳಬೇಕಾಗಿಲ್ಲ.

ಈಗ ಹೋದರೆ ಕೊರಿಯಾ ಚಿತ್ರದಲ್ಲಿದ್ದ ಹೆಂಚಿನ ಪುಟ್ಟ ಮನೆಗಳನ್ನು ಹುಡುಕಬೇಕು. ಎಷ್ಟೋ ಮಂದಿ ಕೆಡವಿ ಎರಡು ಮಹಡಿ, ಮೂರು ಮಹಡಿ ಕಟ್ಟಿಸಿದ್ದಾರೆ. ಮಾರ್ಬಲ್, ಗಾಜು, ಬಾಲ್ಕನಿಗೆ ಸ್ಟೀಲ್ ಕಂಬಿ, ಎಲ್ಲ ಇದೆ. ನಿನ್ನ ಮೇಷ್ಟ್ರುಗಳಲ್ಲಿ ಕೆಲವರು ಇದನ್ನು ನೋಡಿ ಮರುಗುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಅಂಗಳಗಳು ಹಾಗೇ ಇವೆ. ಮಕ್ಕಳು ಆಡುತ್ತಾರೆ, ಬಟ್ಟೆ ಒಣಗುತ್ತದೆ, ಸ್ಕೂಟರು ನಿಲ್ಲುತ್ತದೆ. ಬಡಾವಣೆಯನ್ನು ಹಿಡಿದು ನಿಲ್ಲಿಸಿದ್ದು ಆ ಖಾಲಿ ಚೌಕ. ಮನೆಗಳು ಬದಲಾದವು, ಚೌಕ ಉಳಿಯಿತು. ನೀನು ಬ್ಲಾಕು ಜೋಡಿಸುತ್ತಿದ್ದೀಯ, ಅವುಗಳ ನಡುವಿನ ಜಾಗ ತಾನಾಗಿ ಉಳಿದದ್ದು. ಅದನ್ನು ತಿರುಗಿಸು. ಥರ್ಮಾಕೋಲಿನಲ್ಲಿ ಮೊದಲು ಅಂಗಳದ ತುಂಡುಗಳನ್ನು ಕತ್ತರಿಸು, ಅವುಗಳನ್ನು ಜೋಡಿಸು, ಆಮೇಲೆ ಸುತ್ತ ಮನೆ ಇಡು.

ಎತ್ತರದ ಕಟ್ಟಡದಲ್ಲೂ ಕೊರಿಯಾ ಇದನ್ನೇ ಮಾಡಿದರು. ಮುಂಬಯಿಯ ಕಂಬಾಲಾ ಹಿಲ್‌ನ ಕಾಂಚನಜುಂಗಾ, 1983ರಲ್ಲಿ ಮುಗಿದದ್ದು. 21 ಮೀಟರ್ ಚೌಕದ ಗೋಪುರ, 32 ಮನೆ. ಒಂದರೊಳಗೊಂದು ಕೊಂಡಿ ಹಾಕಿಕೊಂಡಂತೆ ಮನೆಗಳು ಕೂತಿವೆ. ಮೂಲೆಗಳಲ್ಲಿ ಎರಡು ಮಹಡಿ ಎತ್ತರದ ತೋಟದ ಜಗಲಿ ಕೊರೆದಿದ್ದಾರೆ. ಪಡುವಣ ಕಡೆ ಸಮುದ್ರದ ನೋಟ, ಮಳೆ ಬರುವುದೂ ಬಿಸಿಲು ಹೊಡೆಯುವುದೂ ಆ ಕಡೆಯಿಂದಲೇ. ಜಗಲಿ ಎರಡನ್ನೂ ತಡೆಯುತ್ತದೆ. ದೂರದಿಂದ ನೋಡಿದರೆ ಕಣ್ಣಿಗೆ ಬೀಳುವುದು ಆ ಕೊರೆದ ಮೂಲೆಗಳು.

ಡಬ್ಬದ ರಾಶಿ ಚೆಂದ ಕಾಣಬಾರದು ಅಂತೇನಿಲ್ಲ. ಮಾಂಟ್ರಿಯಲ್‌ನಲ್ಲಿ ಮೋಶೆ ಸಾಫ್ದಿ 1967ರಲ್ಲಿ 354 ಕಾಂಕ್ರೀಟ್ ಡಬ್ಬ ಪೇರಿಸಿ ಹ್ಯಾಬಿಟಾಟ್ 67 ಕಟ್ಟಿದ. ಶುರುವಿನಲ್ಲಿ 158 ಮನೆ. ಕೆಳಗಿನ ಮನೆಯ ತಾರಸಿ ಮೇಲಿನ ಮನೆಗೆ ತೋಟ. ಇದಕ್ಕೆ ಎದುರಾಗಿ ಟೋಕಿಯೋದ ನಕಾಗಿನ್ ಕ್ಯಾಪ್ಸೂಲ್ ಗೋಪುರ ನೋಡು. ಕಿಶೋ ಕುರೊಕಾವಾ ಕಟ್ಟಿದ್ದು, 1972. ಎರಡು ಕಂಬಗಳಿಗೆ 140 ಕೋಣೆ ಸಿಕ್ಕಿಸಿದ್ದರು, ಒಂದೊಂದಕ್ಕೆ ನಾಲ್ಕೇ ಬೋಲ್ಟು. 25 ವರ್ಷಕ್ಕೊಮ್ಮೆ ಹಳೆಯದನ್ನು ಕಳಚಿ ಹೊಸದು ಹಾಕುವ ಯೋಜನೆ. ಒಂದನ್ನೂ ಬದಲಾಯಿಸಲು ಆಗಲಿಲ್ಲ. ಕೋಣೆಗಳು ಎಷ್ಟು ಒತ್ತಾಗಿದ್ದವು ಅಂದರೆ, ಕೆಳಗಿನದನ್ನು ತೆಗೆಯಬೇಕಾದರೆ ಮೇಲಿನವನ್ನೆಲ್ಲ ಇಳಿಸಬೇಕು. 2022ರಲ್ಲಿ ಪೂರ್ತಿ ಬಿಚ್ಚಿಹಾಕಿದರು. ಮೇಲೆ ಮುಲುಂಡಿನವರಿಗೆ ಹೇಳಿದ ಪ್ರಶ್ನೆಯನ್ನು ನೀನೂ ನಿನ್ನ ಮಾಡೆಲ್‌ಗೆ ಕೇಳು. ಜ್ಯೂರಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.

ಪ್ರಶ್ನೆ: ಮಡಗಾಂವ್ ಹತ್ತಿರ ನಮ್ಮ ಹಳೇ ಕೆಂಪುಕಲ್ಲಿನ ಮನೆ. ಹಿಂದಿನ ಜಗಲಿಯಲ್ಲಿ ಬಟ್ಟೆ ಒಗೆಯುವ ಜಾಗಕ್ಕೆ ಮರೆಯಾಗಿ ಸಿಮೆಂಟಿನ ಜಾಲಿ ಬ್ಲಾಕ್ ಕಟ್ಟಿಸಬೇಕು. ಅಗಲ 7 ಅಡಿ. ಬ್ಲಾಕು 200 ಎಂಎಂ ಚೌಕದ್ದು. ಕೊನೆಯ ಬ್ಲಾಕು ಕತ್ತರಿಸಬೇಕಾಗುತ್ತೆ ಅಂತಾನೆ ಗಾರೆಯವನು.

ಉತ್ತರ: ಕತ್ತರಿಸಲು ಬಿಡಬೇಡಿ, ಜಾಲಿ ಕತ್ತರಿಸಿದರೆ ಒಡೆಯುತ್ತದೆ. ಏಳು ಅಡಿ ಅಂದರೆ 2134 ಮಿ.ಮೀ. ಹತ್ತು ಬ್ಲಾಕಿಗೆ 2000. ಉಳಿದ 134ನ್ನು ಹನ್ನೊಂದು ಸಂದಿಗೆ ಹಂಚಿದರೆ ಒಂದೊಂದು 12 ಮಿ.ಮೀ. ಚಿಲ್ಲರೆ. ಯಾರ ಕಣ್ಣಿಗೂ ಕಾಣುವುದಿಲ್ಲ. ಮೊದಲು ಗಾರೆ ಇಲ್ಲದೆ ನೆಲದ ಮೇಲೆ ಒಂದು ಸಾಲು ಜೋಡಿಸಿ ನೋಡಲು ಹೇಳಿ.

ಜಾಲಿಯಲ್ಲಿ ಸಂದಿಯ ಮೇಲೇ ಸಂದಿ ಬರುತ್ತದೆ, ನಿಮ್ಮ ಕಲ್ಲಿನ ಗೋಡೆಯ ಹಾಗೆ ಒಂದರ ಸಂದಿ ಬಿಟ್ಟು ಇನ್ನೊಂದು ಕೂರುವುದಿಲ್ಲ. ಹಾಗಾಗಿ ಗಟ್ಟಿ ಕಡಿಮೆ. ಎರಡು ಸಾಲಿಗೊಮ್ಮೆ 6 ಮಿ.ಮೀ. ಸರಳು ಹಾಕಿಸಿ, ಎರಡೂ ತುದಿ ಗೋಡೆಯೊಳಗೆ ಹೋಗಲಿ. ಸಮುದ್ರದ ಗಾಳಿಗೆ ಸಾದಾ ಸರಳು ತುಕ್ಕು ಹಿಡಿದು ಸಿಮೆಂಟನ್ನೇ ಸೀಳುತ್ತದೆ, ಸ್ಟೇನ್‌ಲೆಸ್ ತನ್ನಿ. ಜಗಲಿ ಪಶ್ಚಿಮಕ್ಕೋ ನೈಋತ್ಯಕ್ಕೋ ಮುಖ ಮಾಡಿದ್ದರೆ ಜಾಲಿಯಿಂದ ಎರಚಲು ನೇರ ಒಳಗೆ. ಆಗ ಸೂರನ್ನು ಒಂದೆರಡು ಸಾಲು ಹೆಂಚು ಮುಂದಕ್ಕೆ ಚಾಚಿಸಿ. ಮಂಗಳೂರು ಹೆಂಚಾದರೆ ರೀಪಿನ ಅಂತರವನ್ನು ಹೆಂಚೇ ಹೇಳುತ್ತದೆ, ಅರ್ಧ ಸಾಲು ಅಂತ ಇಲ್ಲ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯ ಮಾಡುಗಳೆಲ್ಲ ಈ ಲೆಕ್ಕಕ್ಕೇ ಬಂದವು.

ಪ್ರಶ್ನೆ: ಡೊಂಬಿವಲಿಯ ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆ ನನ್ನ ತಲೆಗೆ ಬಂದಿದೆ. ಎ4 ಅಳತೆ. ಅರ್ಧ ಪುಟ, ಕಾಲು ಪುಟ, ಅದಕ್ಕೂ ಸಣ್ಣ ಜಾಹೀರಾತು, ಲೇಖನ, ಫೋಟೊ, ಎಲ್ಲ ಸೇರಿ ಸಂತೆಯಾಗುತ್ತದೆ. ಇದು ನಿಮ್ಮ ಅಂಕಣಕ್ಕೆ ಬರುತ್ತದೋ ಇಲ್ಲವೋ, ಕೇಳುತ್ತಿದ್ದೇನೆ.

ಉತ್ತರ: ಖಂಡಿತ ಬರುತ್ತದೆ ಸಾರ್. ಪುಟವೂ ಒಂದು ರೂಮೇ. ಚುಕ್ಕಿ ರಂಗೋಲಿಯಲ್ಲಿ ಚುಕ್ಕಿ ಮೊದಲು, ಎಳೆ ಆಮೇಲೆ. ಹಾಗೇ ಇಲ್ಲೂ ಚೌಕ ಮೊದಲು ಹಾಕಿಕೊಳ್ಳಿ, ಲೇಖನ ಆಮೇಲೆ ಸುರಿಯಿರಿ.

ಎ4 ಅಂದರೆ 210ಕ್ಕೆ 297 ಮಿ.ಮೀ. ಎಡಬಲ 15 ಬಿಡಿ, 180 ಉಳಿಯಿತು. ಅದರಲ್ಲಿ 25 ಮಿ.ಮೀ.ಯ ಆರು ಚೌಕ, ನಡುವೆ 6 ಮಿ.ಮೀ. ಸಂದು. ಸರಿಯಾಗಿ ಕೂರುತ್ತದೆ. ಮೇಲಿಂದ ಕೆಳಗೆ ಅಂಥವೇ ಎಂಟು ಸಾಲು, 242 ಆಯಿತು. ಮೇಲೆ 20 ಬಿಟ್ಟು, ಕೆಳಗೆ 35 ಬಿಡಿ, ಪುಟದ ನಂಬರು ಅಲ್ಲಿ ಆರಾಮವಾಗಿ ಕೂರಲಿ. ಒಟ್ಟು 48 ಚೌಕ. ಅರ್ಧ ಪುಟದ ಜಾಹೀರಾತಿಗೆ 24, ಕಾಲು ಪುಟಕ್ಕೆ 12, ಅದರರ್ಧಕ್ಕೆ 6. ದರಪಟ್ಟಿಯೂ ಹೀಗೇ ಮಾಡಿ, ಖಜಾಂಚಿ ಖುಷಿಪಡುತ್ತಾರೆ. ಲೇಖನಕ್ಕೆ ಮೂರು ಮೂರು ಚೌಕದ ಎರಡು ಕಾಲಂ. ಫೋಟೊ ಎರಡು ಚೌಕವೋ ಮೂರೋ ಆರೋ ಇರಲಿ, ಎರಡೂವರೆ ಬೇಡ. ಅಧ್ಯಕ್ಷರ ಫೋಟೊ ಸ್ವಲ್ಪ ದೊಡ್ಡದು ಮಾಡಿ ಅಂತ ಯಾರಾದರೂ ಫೋನ್ ಮಾಡಿದರೆ ಇಡೀ ಒಂದು ಚೌಕ ಜಾಸ್ತಿ ಕೊಡಿ, ಅರ್ಧ ಕೊಡಬೇಡಿ.

ಸಾಲುಗಳ ನಡುವೆ ಜಾಗ ಉದಾರವಾಗಿರಲಿ. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. 11 ಪಾಯಿಂಟ್ ಅಕ್ಷರಕ್ಕೆ 16 ಪಾಯಿಂಟ್ ಸಾಲು ಕೊಟ್ಟರೆ ಒಂದಕ್ಕೊಂದು ತಾಗುವುದಿಲ್ಲ. ಪಕ್ಕದಲ್ಲಿ ಇಂಗ್ಲಿಷ್ ಅಥವಾ ಮರಾಠಿ ಕಾಲಂ ಇದ್ದರೆ ಅದೂ ಇದೇ ಸಾಲಿನ ಲೆಕ್ಕಕ್ಕೆ ಬರಲಿ. ಮತ್ತೆ, ಪ್ರತಿ ಎರಡು ಪುಟಕ್ಕೆ ಒಂದಾರು ಚೌಕ ಏನೂ ಹಾಕದೆ ಬಿಡಿ. ಸಮಿತಿಯಲ್ಲಿ ಇದಕ್ಕೆ ಜಗಳ ಆಗುತ್ತದೆ, ಗೊತ್ತು.

ಪ್ರಶ್ನೆ: ಠಾಣೆಯಿಂದ. ಮಗನ ಲೆಗೊ ತುಂಡುಗಳು ಹಾಲ್ ತುಂಬ. ಬಣ್ಣ ಬಣ್ಣಕ್ಕೆ ಬೇರೆ ಡಬ್ಬ ಇಟ್ಟೆ, ಎರಡೇ ದಿನ ನಡೆಯಿತು.

ಉತ್ತರ: ಬಣ್ಣದ ಪ್ರಕಾರ ಬೇಡ, ಆಕಾರದ ಪ್ರಕಾರ ಇಡಿ. ಕೆಂಪು ರಾಶಿಯಲ್ಲಿ ಸಣ್ಣ ಕೆಂಪು ತುಂಡು ಸಿಗುವುದಿಲ್ಲ, ಸಣ್ಣ ತುಂಡುಗಳ ರಾಶಿಯಲ್ಲಿ ಕೆಂಪು ತಕ್ಷಣ ಕಾಣುತ್ತದೆ. ಡಬ್ಬ ಅಗಲವಾಗಿರಲಿ, ಆಳ ನಾಲ್ಕು ಇಂಚು ದಾಟದಿರಲಿ. ಯಾವುದನ್ನೂ ಎಸೆಯಬೇಡಿ. 1958ರ ಲೆಗೊ ಇಟ್ಟಿಗೆ ಇವತ್ತಿನದಕ್ಕೂ ಕೂರುತ್ತದೆ, ಅಣ್ಣನ ಮಕ್ಕಳ ಹಳೇ ಡಬ್ಬ ಅಟ್ಟದಲ್ಲಿದ್ದರೆ ಅದನ್ನೂ ಇಳಿಸಿ ತನ್ನಿ.